ಚಕ್ಕಡಿ ಬಿಟ್ಟು ನೋಡಿದ ಸಿನಿಮಾ

ಕಾರಿನಾಗ ಕುಂತು ಸಿನಿಮಾ ನೋಡೋ ಡ್ರೈವ್-ಇನ್ ಥಿಯೇಟರ್ 1933ರಲ್ಲಿ ಅಮೆರಿಕದ ಕ್ಯಾಮ್ಡನ್‌ನಲ್ಲಿ ಶುರುವಾಯಿತು. ಆಗ ನಮ್ಮ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆ ರೈತರಿಗೆ ಕಾರು ಎಲ್ಲಿಂದ ಬರಬೇಕು? ಮುಂದೆ ನಮಗೆ ಸಿಕ್ಕಿದ್ದು ಟೂರಿಂಗ್ ಟಾಕೀಸ್. ಕಾರಿನ ಜಾಗದಾಗ ಚಕ್ಕಡಿ.

ಟೆಂಟ್ ಸಿನಿಮಾದ ಇತಿಹಾಸ ಬರೆಯೋರು ನಟರ ಹೆಸರು ಬರೀತಾರ, ಹೊಲ ಕೊಟ್ಟವರನ್ನ ಬಿಡ್ತಾರ. ನನಗನಿಸೋದು, ಅದು ನಡೆದದ್ದೇ ನಮ್ಮ ಮಳೆ-ಬೆಳೆ ಲೆಕ್ಕದ ಮ್ಯಾಲೆ. ಸುಗ್ಗಿ ಮುಗೀಬೇಕು, ಊರ ಬಗಲಿಗೆ ಹೊಲ ಖಾಲಿ ಆಗಬೇಕು, ಜನರ ಕೈಯಾಗ ನಾಕು ರೊಕ್ಕ ಬರಬೇಕು. ಆಗ ಗೂಟ ಬಡೀತಿದ್ದರು. ಹಾನಗಲ್-ಹಿರೇಕೆರೂರು ಕಡೆ ಮೊದಲ ಮಳೆಗೇ ಕೂರಿಗೆ ಭತ್ತ ಬಿತ್ತಬೇಕು, ಹಿಂಗಾಗಿ ಅಲ್ಲಿ ಹೊಲ ಲಗೂ ಬಿಟ್ಟುಕೊಡಬೇಕಾಗತಿತ್ತು. ರೋಹಿಣಿ ಮಳೆ ಬಿದ್ದ ಮ್ಯಾಲೆ ಎರಿ ನೆಲದಾಗ ಟೆಂಟೂ ನಿಲ್ಲೂದಿಲ್ಲ, ಚಕ್ಕಡಿಯೂ ಹಾಯೂದಿಲ್ಲ.

ಹೊಲ ಕೊಟ್ಟ ರೈತನಿಗೆ ಬಾಡಿಗೆ, ಮ್ಯಾಲೆ ಮನೆಮಂದಿಗೆಲ್ಲ ಪುಕ್ಕಟೆ ಆಟ. ಕೊಳ್ಳು ಹರಿದ ಎತ್ತು ರಾತ್ರಿಯೆಲ್ಲ ಅಲ್ಲೇ ಮೇವು ತಿಂದು ಹಾಕಿದ ಹೆಂಡಿ ಬ್ಯಾರೆ. ಕುರಿ ನಿಲ್ಲಿಸಿದಂಗ ಲಾಭ ಅಂತ ನಮ್ಮ ದೊಡ್ಡಪ್ಪ ಲೆಕ್ಕ ಹಾಕಿದ್ದ. ಆದರ ಸಾವಿರಾರು ಕಾಲು ತುಳಿದು ಗಟ್ಟಿಯಾದ ನೆಲಕ್ಕೆ ರಂಟಿ ಇಳೀಲಿಲ್ಲ. ಮರುವರ್ಷ ಬಾಡಿಗೆ ಹೆಚ್ಚು ಕೇಳಿದ, ಅವರು ಬ್ಯಾರೆಯವರ ಹೊಲಕ್ಕೆ ಹೋದರು.

ಒಳಗೆ ನೆಲ, ಬೆಂಚು, ಕುರ್ಚಿ. ಹೆಣ್ಣುಮಕ್ಕಳಿಗೆ ಒಂದು ಮಗ್ಗಲು. ಹೊರಗೆ ಡೀಸೆಲ್ ಎಂಜಿನ್ನು, ಬಾವಿ ನೀರು ಎತ್ತೋ ಅಂಥಾದ್ದೇ, ಡೈನಮೋ ತಿರುಗಿಸೋದು. ಪ್ರೊಜೆಕ್ಟರ್ ಒಂದೇ. ಎರಡು ಸಾವಿರ ಅಡಿ ರೀಲು ಇಪ್ಪತ್ತೆರಡು ನಿಮಿಷದಾಗ ಮುಗೀತಿತ್ತು, ಬದಲಿಸೋ ತನಕ ಬೀಡಿ, ಚಾ, ಶೇಂಗಾ. ಹೊಸ ಪ್ರಿಂಟ್ ಮೊದಲು ದೊಡ್ಡ ಊರಿನ ಥಿಯೇಟರಿಗೆ ಹೋಗಿ, ಅಲ್ಲಿ ಸವೆದು, ಹರಿದು, ಅಂಟಿಸಿಕೊಂಡು ನಮ್ಮ ಕಡೆ ಬರ್ತಿತ್ತು. ಪರದೆ ಮ್ಯಾಲೆ ಬಿಸಿಲಿನಾಗೂ ಮಳೆ!

ನೆನಪಿನಾಗ ಉಳಿದದ್ದು ‘ಬಂಗಾರದ ಮನುಷ್ಯ’. 1972ರಲ್ಲಿ ಬಂದು ಬೆಂಗಳೂರಿನ ಸ್ಟೇಟ್ಸ್ ಥಿಯೇಟರಿನಾಗ ಎರಡು ವರ್ಷ ಓಡಿದ ಚಿತ್ರ. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ. ಅದನ್ನ ನೋಡಿ ಪಟ್ಟಣ ಬಿಟ್ಟು ಒಕ್ಕಲುತನಕ್ಕೆ ಬಂದವರಿದ್ದಾರ ಅಂತ ಇವತ್ತೂ ಹೇಳ್ತಾರ. ಅದು ಬಂದಾಗಲೇ ನಮ್ಮ ಉತ್ತರ ಭಾಗಕ್ಕ ಬರ ಬಡಿದಿತ್ತು ಅನ್ನೋದನ್ನ ಮಾತ್ರ ಯಾರೂ ಹೇಳೂದಿಲ್ಲ. ಬಂಜರು ಹಸನು ಮಾಡಿದ ರಾಜೀವ ಕೊನೆಗೆ ಅಕ್ಕನ ಮಗನ ಮಾತಿಗೆ ಮನೆ ಬಿಟ್ಟು ಹೋಗ್ತಾನಲ್ಲ, ಅಲ್ಲಿ ಟೆಂಟ್ ಗಪ್ ಆಗತಿತ್ತು. ಮನ್ಯಾಗ ಪಾಲು ಆದವರಿಗೆ ಅದು ಸಿನಿಮಾ ಆಗಿರಲಿಲ್ಲ.

ಎಂಬತ್ತರ ದಶಕದಾಗ ವಿಡಿಯೋ ಬಂತು. 1987ರಾಗ ದೂರದರ್ಶನದ ರಾಮಾಯಣ ಶುರುವಾಯಿತು, ಜನ ಟಿವಿ ಇದ್ದವರ ಪಡಸಾಲಿಗೆ ಹೋದರು. ಟಿವಿ ಒಂದನ್ನೇ ಬೈದರ ತಪ್ಪಾಗತೈತಿ. ಈಗ ಊರ ಬಗಲಿನ ಹೊಲ ಎನ್ಎ ಆಗಿ ಪ್ಲಾಟ್ ಬಿದ್ದಾವ. ಬಸ್‌ಸ್ಟ್ಯಾಂಡಿನಿಂದ ನಡಕೊಂಡು ಹೋಗೋ ದೂರದಾಗ, ನಾಕು ತಿಂಗಳು ಖಾಲಿ ಬಿಡೋ ಎರಡು ಎಕರೆ ಯಾರ ಹತ್ರ ಐತಿ ಹೇಳ್ರಿ?

ನಿಮ್ಮೂರಾಗ ಟೆಂಟ್ ಯಾರ ಹೊಲದಾಗ ನಿಲ್ತಿತ್ತು, ಆ ಹೊಲದಾಗ ಈಗ ಏನೈತಿ, ಹಿರಿಯರನ್ನ ಕೇಳಿ ಬರೀರಿ.