ದೊಡ್ಡ ಫೋನೋ, ಸಣ್ಣ ಫೋನೋ? ಊರಿನ ಹಿರಿಯರಿಗೆ ಕೊಳ್ಳುವ ಮುನ್ನ

ರಜೆಗೆ ಊರಿಗೆ ಹೊರಡುವ ದಿನ ಹತ್ತಿರವಾದಂತೆ ನಮ್ಮಂಥ ಅನಿವಾಸಿಗಳ ಮನೆಯಲ್ಲಿ ಸೂಟ್‌ಕೇಸಿನ ಜೊತೆ ಹೊರಬೀಳುವ ಪ್ರಶ್ನೆ ಇದು: ಅಪ್ಪ-ಅಮ್ಮನಿಗೆ ಈ ಸಲ ಯಾವ ಫೋನು ಒಯ್ಯೋಣ? ಅವರ ಕಣ್ಣು ಮಂಜಾಗಿದೆ, ದೊಡ್ಡದೇ ಇರಲಿ ಅನ್ನುತ್ತಾನೆ ಮಗ. ಅಷ್ಟು ಭಾರದ್ದನ್ನು ಅವರು ಹಿಡಿಯೋದು ಹೇಗೆ ಅನ್ನುತ್ತಾಳೆ ಸೊಸೆ. ಇಬ್ಬರ ಮಾತೂ ನಿಜವೇ. ಆಯ್ಕೆ ಎಡವಟ್ಟಾದರೆ ನಷ್ಟ ಬರೀ ಡಾಲರಿನದಲ್ಲ. ನಮ್ಮ ಹಿರಿಯರು ದೂರುವ ಪೈಕಿ ಅಲ್ಲವಲ್ಲ! 'ಬಹಳ ಚೆನ್ನಾಗಿದೆಯಪ್ಪ' ಎಂದು ಹೇಳಿ ಬೀರುವಿನಲ್ಲಿ ಭದ್ರವಾಗಿ ಇಟ್ಟುಬಿಡುತ್ತಾರೆ. ಆಮೇಲೆ ನಾವು ಇಲ್ಲಿಂದ ಕರೆ ಮಾಡಿದಾಗ ಗಂಟೆ ಬಾರಿಸುವುದು ಸೀರೆಗಳ ನಡುವೆ.

ಮೊದಲಿಗೆ ಇಂಚಿನ ವಿಷಯ. ಅಂಗಡಿಯವರು ಹೇಳುವ ಇಂಚು ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆದದ್ದು, ಅಗಲವಲ್ಲ. ಈಗಿನ ಫೋನುಗಳು ಸೋರೆಕಾಯಿಯ ಹಾಗೆ ಉದ್ದಕ್ಕೆ ಬೆಳೆದಿವೆ. 2017ರ ಐಫೋನ್ 8 ಪ್ಲಸ್‌ನ ಪರದೆ 5.5 ಇಂಚು, 2024ರ ಐಫೋನ್ 16ರದು 6.1 ಇಂಚು. ಲೆಕ್ಕಕ್ಕೆ ಹೊಸದೇ ದೊಡ್ಡದು. ಕೈಯಲ್ಲಿ ಹಿಡಿದರೆ ತದ್ವಿರುದ್ಧ: ಹಳೆಯದರ ಮೈ ಅಗಲ 78 ಮಿಲಿಮೀಟರ್, ತೂಕ 202 ಗ್ರಾಂ; ಹೊಸದರ ಅಗಲ 72 ಮಿಲಿಮೀಟರ್, ತೂಕ 170 ಗ್ರಾಂ. ಪರದೆಯ ಅಗಲವೂ ಹಳೆಯದರಲ್ಲೇ ಸುಮಾರು ಮೂರೂವರೆ ಮಿಲಿಮೀಟರ್ ಜಾಸ್ತಿ. ಒಂದು ಸಾಲಿನಲ್ಲಿ ಎಷ್ಟು ಅಕ್ಷರ ಹಿಡಿಸುತ್ತದೆ ಎಂದು ತೀರ್ಮಾನಿಸುವುದು ಈ ಅಗಲ. 'ಹೋದ ಸಲದ್ದಕ್ಕಿಂತ ದೊಡ್ಡ ಇಂಚಿನದು ತಂದಿದ್ದೇನೆ' ಎಂದು ಕೊಟ್ಟ ಮೇಲೂ ಅಮ್ಮ ಕಣ್ಣು ಕಿರಿದು ಮಾಡಿ ಓದುತ್ತಿದ್ದರೆ ಆಶ್ಚರ್ಯ ಬೇಡ.

ನಿಜವಾಗಿ ಸಣ್ಣ ಫೋನು ಹುಡುಕುವವರಿಗೆ ಈಗ ಹೆಚ್ಚು ದಾರಿಯಿಲ್ಲ. 2007ರ ಮೊದಲ ಐಫೋನಿನ ಪರದೆ ಮೂರೂವರೆ ಇಂಚು. 2011ರಲ್ಲಿ ಸ್ಯಾಮ್‌ಸಂಗ್ 5.3 ಇಂಚಿನ ಗ್ಯಾಲಕ್ಸಿ ನೋಟ್ ತಂದಾಗ ಅದನ್ನು ಕಿವಿಗಿಟ್ಟುಕೊಂಡವರನ್ನು ನೋಡಿ ನಕ್ಕವರು ಎಷ್ಟು ಜನ! ಈಗ ಅದಕ್ಕಿಂತ ದೊಡ್ಡ ಪರದೆಯ ಫೋನಿಗೇ 'ಚಿಕ್ಕದು' ಎಂಬ ಹೆಸರು. ಆಪಲ್ 5.4 ಇಂಚಿನ ಮಿನಿ ಫೋನುಗಳನ್ನು 2020 ಮತ್ತು 2021ರಲ್ಲಿ ತಂದು, 2023ರ ಸೆಪ್ಟೆಂಬರಿನಲ್ಲಿ ಕೈಬಿಟ್ಟಿತು. ಆದ್ದರಿಂದ ಇಂದು ಸಣ್ಣದು ಎಂದರೆ 6.1ರಿಂದ 6.3 ಇಂಚು, ದೊಡ್ಡದು ಎಂದರೆ 6.7ರಿಂದ 6.9 ಇಂಚು ಅನ್ನಿ.

ಇವೆರಡರ ನಡುವೆ ಎಷ್ಟು ಅಂತರ? ಹೋಲಿಕೆಗೆ ಒಳ್ಳೆಯ ಜೋಡಿಯೊಂದಿದೆ. ಗೂಗಲ್ 2024ರಲ್ಲಿ ಹೊರತಂದ ಪಿಕ್ಸೆಲ್ 9 ಪ್ರೊ ಮತ್ತು 9 ಪ್ರೊ ಎಕ್ಸ್‌ಎಲ್ ಅಣ್ಣತಮ್ಮಂದಿರು. ಕ್ಯಾಮೆರಾ, ಚಿಪ್ಪು ಎಲ್ಲ ಒಂದೇ. 6.3 ಇಂಚಿಗೆ ಬದಲು 6.8 ಇಂಚು ಬೇಕೆಂದರೆ ಅಮೆರಿಕದಲ್ಲಿ ಬಿಡುಗಡೆಯ ಬೆಲೆಯಲ್ಲಿ 100 ಡಾಲರ್ ಹೆಚ್ಚು. ಪ್ರತಿಯಾಗಿ ಸಿಗುವುದು ಒಂದು ಸೆಂಟಿಮೀಟರ್ ಉದ್ದ, ಅರ್ಧ ಸೆಂಟಿಮೀಟರಿಗೂ ಸ್ವಲ್ಪ ಕಡಿಮೆ ಅಗಲ, ತುಸು ದೊಡ್ಡ ಬ್ಯಾಟರಿ. ತೂಕ ಮಾತ್ರ 199 ಗ್ರಾಮಿನಿಂದ 221ಕ್ಕೆ ಏರುತ್ತದೆ, ಕವರು ಹಾಕಿದರೆ ಇನ್ನೂ ಮೇಲೆ. ಓದುವ ಸುಖಕ್ಕೆ ಅಗಲ ಸಿಕ್ಕಿದ್ದು ಒಂದು ಬೆರಳಿನಷ್ಟೂ ಇಲ್ಲ.

ಇನ್ನು ಕಣ್ಣಿನ ಮಾತು. ಬಹಳ ಜನ ಗಮನಿಸದ ಸಂಗತಿ ಏನೆಂದರೆ, ದೊಡ್ಡ ಫೋನು ತಾನಾಗಿ ಅಕ್ಷರವನ್ನು ದೊಡ್ಡದು ಮಾಡುವುದಿಲ್ಲ. ಪೆಟ್ಟಿಗೆಯಿಂದ ಹೊರತೆಗೆದಾಗ ಎರಡರಲ್ಲೂ ಅಕ್ಷರ ಹೆಚ್ಚುಕಮ್ಮಿ ಒಂದೇ ಗಾತ್ರ; ದೊಡ್ಡದರಲ್ಲಿ ಸಾಲುಗಳು ಜಾಸ್ತಿ ಕಾಣುತ್ತವೆ, ಅಷ್ಟೆ. ದೊಡ್ಡದು ಮಾಡಬೇಕಾದವರು ನಾವು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಫಾಂಟ್ ಸೈಜ್, ಡಿಸ್‌ಪ್ಲೇ ಸೈಜ್ ಎಂದು ಎರಡಿವೆ: ಮೊದಲನೆಯದು ಅಕ್ಷರವನ್ನು ಹಿಗ್ಗಿಸಿದರೆ ಎರಡನೆಯದು ಗುಂಡಿ-ಚಿತ್ರಗಳನ್ನೂ ಹಿಗ್ಗಿಸುತ್ತದೆ. ಐಫೋನಿನಲ್ಲಿ ಆಕ್ಸೆಸಿಬಿಲಿಟಿಯೊಳಗೆ ಲಾರ್ಜರ್ ಟೆಕ್ಸ್ಟ್ ಇದೆ. ಅಪ್ಪನ ಹಳೆಯ ಫೋನಿನಲ್ಲೇ ಮೊದಲು ಇದನ್ನು ಮಾಡಿ ನೋಡಿ. ಹೊಸ ಫೋನೇ ಬೇಡವಾದೀತು!

ಹಾಗಾದರೆ ದೊಡ್ಡ ಪರದೆ ದಂಡವೇ? ಅಲ್ಲ. ಅದರಲ್ಲೂ ಕನ್ನಡಕ್ಕೆ ಅದರ ಉಪಯೋಗವಿದೆ. ಇಂಗ್ಲಿಷ್ ಅಕ್ಷರ ಸಾಲಿನ ಮೇಲೆ ನೆಟ್ಟಗೆ ಕೂರುತ್ತದೆ. ನಮ್ಮ ಲಿಪಿ ಕೆಳಗೆ ಒತ್ತು ಇಳಿಬಿಟ್ಟುಕೊಂಡು, ಮೇಲೆ ಗುಡಿಸು ಕಟ್ಟಿಕೊಂಡು ಕೂರುತ್ತದೆ. 'ರಾಷ್ಟ್ರ'ದ ಒತ್ತು, 'ಸ್ತ್ರೀ'ಯ ಒತ್ತು ಸಣ್ಣ ಅಕ್ಷರದಲ್ಲಿ ಬರೀ ಚುಕ್ಕೆಯಾಗಿಬಿಡುತ್ತದೆ. ಅಕ್ಷರ ಹಿಗ್ಗಿಸಿದರೋ, ನಮ್ಮ ಉದ್ದುದ್ದ ಪದಗಳು ಸಾಲಿಗೆ ಹಿಡಿಸದೆ ಮುರಿಯುತ್ತವೆ. ಕೆಲವು ಆ್ಯಪುಗಳಲ್ಲಿ ಗುಂಡಿಯ ಮೇಲಿನ ಒತ್ತಕ್ಷರದ ಕಾಲೇ ಕತ್ತರಿಸಿಹೋಗುತ್ತದೆ. ಹಿಗ್ಗಿದ ಕನ್ನಡಕ್ಕೆ ಜಾಗ ಕೊಡುವುದಷ್ಟೇ ದೊಡ್ಡ ಪರದೆಯ ನಿಜವಾದ ಕೆಲಸ. ದಿನವೂ ಕನ್ನಡ ಪತ್ರಿಕೆಯನ್ನು ಫೋನಿನಲ್ಲೇ ಓದುವ, ಮನೆಯಲ್ಲೇ ಕೂತು ಬಳಸುವ ತಂದೆತಾಯಿಗೆ ದೊಡ್ಡದು ಕೊಡಿ, ತಪ್ಪಿಲ್ಲ.

ಆದರೆ ಬೆಳಿಗ್ಗೆ ಒಬ್ಬರೇ ವಾಕಿಂಗ್ ಹೋಗುವ, ತೋಟಕ್ಕೆ ಇಳಿಯುವ, ಸಂತೆಗೆ ಹೋಗುವ ಹಿರಿಯರಿಗೆ? ಅಂಗಿಯ ಜೇಬಿನಲ್ಲಿ ದೊಡ್ಡ ಫೋನಿಟ್ಟುಕೊಂಡು ನಲ್ಲಿ ತಿರುಗಿಸಲು ಬಗ್ಗಿದರೆ ಅದು ನೇರ ಬಕೆಟ್ಟಿಗೆ. ಎರಡು ಸಲ ಹಾಗಾದ ಮೇಲೆ ಅದು ಮೇಜಿನ ಮೇಲೇ ಉಳಿಯುತ್ತದೆ. ನಮ್ಮನ್ನು ಕಾಡುವುದು ಇದೇ. ಹಿತ್ತಿಲಲ್ಲೋ ಬಚ್ಚಲಲ್ಲೋ ಕಾಲು ಜಾರಿ ಬಿದ್ದವರಿಗೆ ಮೇಜಿನ ಮೇಲಿನ ಫೋನು ಎಷ್ಟು ಇಂಚಿನದಾದರೇನು? ಊರಿನಲ್ಲಿ ತುರ್ತು ಸಂಖ್ಯೆ 112 ಇದೆ, ಪಕ್ಕದ ಮನೆಯವರಿದ್ದಾರೆ. ಕರೆಯಲು ಕೈಗೆ ಫೋನು ಸಿಗಬೇಕು. ಮೈಮೇಲೆ ಇರುವ ಸಣ್ಣ ಫೋನು ಇಲ್ಲಿ ಗೆಲ್ಲುತ್ತದೆ. 2025ರ ಗ್ಯಾಲಕ್ಸಿ ಎಸ್25 ತೂಗುವುದು 162 ಗ್ರಾಂ. ಅದೇ ಸಾಲಿನ ಅಲ್ಟ್ರಾ 218 ಗ್ರಾಂ. ಸಂಧಿವಾತದ ಕೈಗೆ, ನಡುಗುವ ಕೈಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ನಮ್ಮನ್ನು ಕೇಳಿದರೆ, ದೊಡ್ಡ ಫೋನಿಗೆ ಸುರಿಯುವ ಹಣದಲ್ಲಿ ಒಂದು ಹಗುರವಾದ ಫೋನು ಮತ್ತು ಮನೆಯಲ್ಲಿಡಲು ಒಂದು ಸಾಧಾರಣ ಟ್ಯಾಬ್ಲೆಟ್ ಕೊಳ್ಳುವುದೇ ಮೇಲು. ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ ಟ್ಯಾಬ್ಲೆಟ್ಟಿನಲ್ಲಿ ಮೊಮ್ಮಕ್ಕಳ ಮುಖ ದೊಡ್ಡದಾಗಿ ಕಾಣುತ್ತದೆ, ಅಜ್ಜಿಯ ಎರಡೂ ಕೈ ಅವರೆಕಾಳು ಬಿಡಿಸಲು ಖಾಲಿ. ವಾಟ್ಸಾಪ್ ಆಂಡ್ರಾಯ್ಡ್ ಟ್ಯಾಬ್ಲೆಟ್ಟುಗಳಿಗೆ 2023ರಲ್ಲೇ ಬಂದಿತ್ತು, ಐಪ್ಯಾಡಿಗೆ 2025ರಲ್ಲಿ ಬಂತು. ಫೋನಿನ ಅದೇ ಖಾತೆಯನ್ನು ಜೋಡಿಸಿದರಾಯಿತು. ಒಂದೇ ಎಚ್ಚರ: ಮೂಲ ಫೋನನ್ನು 14 ದಿನ ಬಳಸದಿದ್ದರೆ ಜೋಡಣೆ ಕಡಿದುಹೋಗುತ್ತದೆ.

ಬ್ಯಾಟರಿಯಲ್ಲಿ ದೊಡ್ಡದಕ್ಕೆ ಮೇಲುಗೈ ನಿಜ. ಎಸ್25ರಲ್ಲಿ 4000 ಎಂಎಎಚ್, ಅಲ್ಟ್ರಾದಲ್ಲಿ 5000. ಆದರೆ ಅಲ್ಲಿ ಬೆಳಗಬೇಕಾದ ಪರದೆಯೂ ದೊಡ್ಡದು. ಕರೆಂಟು ಕೈಕೊಡುವ ಊರಾದರೆ ಒಂದು ಪವರ್ ಬ್ಯಾಂಕ್ ಜೊತೆಗಿರಲಿ, ಅದು ವಿಮಾನದಲ್ಲಿ ಕೈಚೀಲದಲ್ಲೇ ಹೋಗಬೇಕು. ಕ್ಯಾಮೆರಾ ಚರ್ಚೆ ಮೊಮ್ಮಕ್ಕಳಿಗೆ ಬಿಡೋಣ.

ಅಮೆರಿಕದಿಂದ ಒಯ್ಯುವವರು ಇನ್ನೆರಡು ಸಂಗತಿ ನೋಡಿಕೊಳ್ಳಿ. ಕಂತಿನ ಮೇಲೆ ಕೊಂಡ ಫೋನು ಸಾಮಾನ್ಯವಾಗಿ ಇಲ್ಲಿನ ಕಂಪನಿಗೆ ಲಾಕ್ ಆಗಿರುತ್ತದೆ. ಊರಿನ ಸಿಮ್ ನಡೆಯಬೇಕಾದರೆ ಅನ್‌ಲಾಕ್ ಆದದ್ದೇ ಬೇಕು. 2022ರ ಐಫೋನ್ 14ರಿಂದೀಚೆಗೆ ಅಮೆರಿಕದಲ್ಲಿ ಮಾರುವ ಐಫೋನುಗಳಲ್ಲಿ ಸಿಮ್ ಕಾರ್ಡ್ ಹಾಕುವ ಜಾಗವೇ ಇಲ್ಲ, ಎಲ್ಲ ಇ-ಸಿಮ್. ಅಪ್ಪನ ಹಳೆಯ ಸಿಮ್ಮನ್ನು ಇ-ಸಿಮ್ ಮಾಡಿಸಬಹುದೇ ಎಂದು ಹೊರಡುವ ಮುಂಚೆಯೇ ವಿಚಾರಿಸಿ.

ಇಷ್ಟಾದರೂ ತೀರ್ಮಾನವಾಗದಿದ್ದರೆ ಊರಿನಲ್ಲಿರುವ ತಮ್ಮನಿಗೋ ತಂಗಿಗೋ ಒಂದು ಕೆಲಸ ಹೇಳಿ. ಹಳೆಯ ರಟ್ಟಿನಲ್ಲಿ 15.3ಕ್ಕೆ 7.2 ಸೆಂಟಿಮೀಟರಿನ ಒಂದು ತುಂಡು, 16.3ಕ್ಕೆ 7.7ರ ಇನ್ನೊಂದು ತುಂಡು ಕತ್ತರಿಸಿ ಅಪ್ಪನ ಕೈಗೆ ಕೊಡಲಿ. ಒಂದು ಕೈಯಲ್ಲಿ ಹಿಡಿದು ಹೆಬ್ಬೆರಳು ಮೇಲಿನ ಮೂಲೆಗೆ ಮುಟ್ಟುತ್ತದೆಯೇ, ಜೇಬಿನಲ್ಲಿ ಕೂರುತ್ತದೆಯೇ, ಅಮ್ಮನ ಪರ್ಸಿನ ಜಿಪ್ಪು ಮುಚ್ಚುತ್ತದೆಯೇ ನೋಡಿ ಹೇಳಲಿ. ಫೋನು ಕೊಳ್ಳುವುದು ಆಮೇಲೆ.