ಹಳಿಯ ಕೆಳಗಿನ ಹಾಸು: ಮರವೇ, ಕಬ್ಬಿಣವೇ, ಕಾಂಕ್ರೀಟೇ?

ಶಾಲೆಯ ವಸ್ತುಪ್ರದರ್ಶನಕ್ಕಾಗಿ ರೈಲಿನ ಮಾದರಿ ಮಾಡಲು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ ಎಂಜಿನ್ನಿನದಲ್ಲ, ಹಾಸಿನದು. ರಟ್ಟಿನ ಮೇಲೆ ಹಳಿ ಜೋಡಿಸಿದರೆ ನಾಲ್ಕು ದಿನದಲ್ಲಿ ಅದು ಬಾಗುತ್ತದೆ. ಹಸಿ ಹಲಗೆಯಾದರೆ ಒಣಗುತ್ತಾ ಸೊಟ್ಟಗಾಗುತ್ತದೆ. ನಿಜವಾದ ರೈಲುದಾರಿಗಳನ್ನು ನಿರ್ಮಿಸಿದವರಿಗೂ ಇದೇ ಪ್ರಶ್ನೆ ಎದುರಾಗಿತ್ತು. ಅವರು ಕಂಡುಕೊಂಡ ಉತ್ತರದಲ್ಲಿ ನಮ್ಮ ಕಾಡುಗಳ ಚರಿತ್ರೆಯೂ ಅಡಗಿದೆ.

ಬೆಂಗಳೂರಿನಿಂದ ಹೊರಟ ಮೀಟರ್ ಗೇಜ್ ದಾರಿ ಕಡೂರು, ಬೀರೂರು, ಅಜ್ಜಂಪುರಗಳ ಮೂಲಕ 1889ರಲ್ಲಿ ಹರಿಹರವನ್ನು ಮುಟ್ಟಿತು. ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಹೋಗುವ 38 ಮೈಲಿಯ ಕವಲು 1899ರಲ್ಲಿ ತೆರೆಯಿತು. ಕಡೂರು, ಅಜ್ಜಂಪುರಗಳದು ಬಯಲುಸೀಮೆ. ತರೀಕೆರೆಯಿಂದಾಚೆಗೆ ಲಕ್ಕವಳ್ಳಿಯ ದಟ್ಟ ಕಾಡು.

ಹಳಿಯ ಅಡಿಯಲ್ಲಿ ಅಡ್ಡಲಾಗಿ ಹಾಸುವ ದಿಮ್ಮಿಗೆ ಸ್ಲೀಪರ್ ಎಂದು ಹೆಸರು. ಎರಡು ಹಳಿಗಳ ನಡುವಿನ ಅಂತರವನ್ನು ಕಾಯುವುದು, ಗಾಡಿಯ ಭಾರವನ್ನು ಜಲ್ಲಿಗೆ ಹಂಚುವುದು, ಅದುರುವಿಕೆಯನ್ನು ತಾಳಿಕೊಳ್ಳುವುದು ಇದರ ಕೆಲಸ. ಮರಕ್ಕೆ ಈ ಮೂರೂ ಗುಣಗಳುಂಟು. ಆದರೆ ನಮ್ಮ ಮಳೆ, ಬಿಸಿಲು, ಗೆದ್ದಲುಗಳ ಮುಂದೆ ಮೆದುಮರ ನಿಲ್ಲದು. ತೇಗ, ಮತ್ತಿ, ಹೊನ್ನೆ, ಜಂಬೆಯಂತಹ ಗಟ್ಟಿಮರಗಳೇ ಬೇಕು.

ಒಂದು ಲೆಕ್ಕ ಹಾಕೋಣ. ಮೀಟರ್ ಗೇಜಿನ ಮರದ ಸ್ಲೀಪರಿನ ಅಳತೆ 180 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ, 11.5 ಸೆಂ.ಮೀ. ದಪ್ಪ. 75 ಸೆಂ.ಮೀ.ಗೆ ಒಂದರಂತೆ ಮರವನ್ನೇ ಹಾಸಿದರೆ 38 ಮೈಲಿಗೆ 80,000ಕ್ಕೂ ಹೆಚ್ಚು ಸ್ಲೀಪರ್‌ಗಳು, ಅಂದರೆ ಸುಮಾರು 3,300 ಘನ ಮೀಟರ್ ಕೊಯ್ದ ಮರ ಬೇಕಾಗುತ್ತದೆ. ಇದು ಒಂದು ಚಿಕ್ಕ ಕವಲುದಾರಿಯ ಲೆಕ್ಕ ಮಾತ್ರ. ಹಾಸಿದ ಮರ ಕೆಟ್ಟಂತೆಲ್ಲ ಹೊಸ ಮರ ಬೇಕು.

ಈ ಅಪಾಯವನ್ನು ಬೇಗ ಗುರುತಿಸಿದವರಲ್ಲಿ ಹ್ಯೂ ಕ್ಲೆಗ್‌ಹಾರ್ನ್ ಒಬ್ಬರು. 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ವೈದ್ಯರಾಗಿದ್ದು, ಇಲ್ಲಿನ ಗಿಡಮರಗಳ ಚಿತ್ರ ಬರೆಸಿದ ಅವರು 1856ರಲ್ಲಿ ಮದರಾಸು ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾದರು. ಅದೇ ವರ್ಷ ದಕ್ಷಿಣ ಭಾರತದ ಮೊದಲ ರೈಲುದಾರಿ ಮದರಾಸಿನಲ್ಲಿ ತೆರೆಯಿತು. ರೈಲಿಗೆ ಮರ ಒದಗಿಸುವುದು, ಕಾಡನ್ನು ಉಳಿಸುವುದು ಎರಡೂ ಅವರ ಹೊಣೆಯಾಗಿತ್ತು! ಕಾಡಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಗಲು ರೈಲ್ವೆಯ ಬೇಡಿಕೆಯೂ ಒಂದು ಮುಖ್ಯ ಕಾರಣ. ಸೌದೆಗೆ, ಮೇವಿಗೆ ಕಾಡನ್ನೇ ನಂಬಿದ್ದ ಹಳ್ಳಿಗರಿಗೆ ಇದರಿಂದ ಒದಗಿದ ಕಷ್ಟ ಸಣ್ಣದಲ್ಲ.

ಹಾಗಾದರೆ ಕಬ್ಬಿಣವನ್ನೇ ಆರಿಸಬಹುದಿತ್ತಲ್ಲವೇ? ಬೀಡುಕಬ್ಬಿಣದ ಮತ್ತು ಉಕ್ಕಿನ ಸ್ಲೀಪರ್‌ಗಳು ಭಾರತದಲ್ಲಿ ವ್ಯಾಪಕವಾಗಿ ಬಳಕೆಗೆ ಬಂದವು. ಅವಕ್ಕೆ ಗೆದ್ದಲಿನ ಭಯವಿಲ್ಲ, ತುಕ್ಕಿನ ಭಯವುಂಟು. ಆದರೆ ಕಬ್ಬಿಣವೂ ಕಾಡಿನ ಋಣದಿಂದ ಮುಕ್ತವಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆಗೆ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ ಅದಿರು ಬರುತ್ತಿತ್ತು. ಅದನ್ನು ಕರಗಿಸಿದ್ದು ಕಲ್ಲಿದ್ದಲಲ್ಲ, ಮಲೆನಾಡಿನ ಮರದ ಇದ್ದಿಲು!

1990ರ ದಶಕದಲ್ಲಿ ಈ ದಾರಿಗಳು ಬ್ರಾಡ್ ಗೇಜ್ ಆದವು. ಇಂದು ಹಳಿಯ ಕೆಳಗಿರುವುದು ಕಾಂಕ್ರೀಟ್. ಒಂದೊಂದು ಸ್ಲೀಪರಿನ ತೂಕ ಕಾಲು ಟನ್ನಿಗೂ ಹೆಚ್ಚು. ಆ ಭಾರವೇ ಹಳಿಯನ್ನು ಅಲುಗದಂತೆ ಹಿಡಿಯುತ್ತದೆ. ಇತ್ತ ಲಕ್ಕವಳ್ಳಿಯ ಕಾಡು 1998ರಿಂದ ಭದ್ರಾ ಹುಲಿ ಮೀಸಲು ಪ್ರದೇಶದ ಭಾಗವಾಗಿದೆ. ಹಾಗೆಂದು ಕಾಂಕ್ರೀಟು ಪುಕ್ಕಟೆಯಾಗಿ ಬಂದದ್ದಲ್ಲ. ಅದಕ್ಕೆ ಸುಣ್ಣಕಲ್ಲಿನ ಗುಡ್ಡ, ಹೊಳೆಯ ಮರಳು, ಉಕ್ಕಿನ ತಂತಿ ಎಲ್ಲವೂ ಬೇಕು.

ಮುಂದಿನ ಸಲ ಬೀರೂರು ನಿಲ್ದಾಣದಲ್ಲಿ ಗಾಡಿಗಾಗಿ ಕಾಯುವಾಗ ಪ್ಲಾಟ್‌ಫಾರಂ ಮೇಲಿಂದಲೇ ಹಳಿಯ ಕೆಳಗೆ ಒಮ್ಮೆ ಕಣ್ಣು ಹಾಯಿಸಿ. ಯಾವ ವಸ್ತು ಗಟ್ಟಿ, ಯಾವುದು ಅಗ್ಗ ಎಂದು ಕೇಳುವುದು ಎಂಜಿನಿಯರನ ಕೆಲಸ. ಅದು ಎಲ್ಲಿಂದ ಬಂತು, ಅದರ ಬೆಲೆ ತೆತ್ತವರು ಯಾರು ಎಂದು ಕೇಳುವುದು ಚರಿತ್ರೆಯ ವಿದ್ಯಾರ್ಥಿಯ ಕೆಲಸ. ನಿಮ್ಮ ಮಾದರಿ ರೈಲಿಗೆ ಹಲಗೆ ಆರಿಸುವಾಗಲೂ ಈ ಎರಡು ಪ್ರಶ್ನೆಗಳು ನೆನಪಿರಲಿ.