ದೊಡ್ಡ ಹುಣಸೆಯ ತವರು

ಬನಹಟ್ಟಿಯ ನಮ್ಮ ಓಣಿಯಲ್ಲಿ ಒಬ್ಬರು ಜಪಾನಿನ ಮೇಪಲ್ ಗಿಡ ತರಿಸಿ ಅಂಗಳದಲ್ಲಿ ನೆಟ್ಟಿದ್ದಾರೆ. ಏಪ್ರಿಲ್ ಬಂತೆಂದರೆ ಅದರ ಎಲೆಗಳ ಅಂಚು ಸುಟ್ಟು ಮುದುಡುತ್ತದೆ. ಅವರು ನೆರಳು ಕಟ್ಟಿದರು, ಬುಡಕ್ಕೆ ಕಬ್ಬಿನ ರವದಿ ಹೊದಿಸಿದರು, ಹೊತ್ತುಹೊತ್ತಿಗೆ ನೀರುಣಿಸಿದರು. ಇದರಿಂದ ಗಿಡ ಸ್ವಲ್ಪ ಚೇತರಿಸಿಕೊಳ್ಳಬಹುದು. ಆದರೆ ಮೇಪಲ್‌ಗೆ ಎಲೆಯುದುರಿಸಿ ಮಲಗಲು ನಿಜವಾದ ಚಳಿಗಾಲ ಬೇಕು. ಜಮಖಂಡಿ, ಮುಧೋಳ, ಬೀಳಗಿಯ ಸೀಮೆಯಲ್ಲಿ ಅದನ್ನು ಎಲ್ಲಿಂದ ತರುವುದು? ನೀರು ಕಟ್ಟಿನಿಲ್ಲುವ ಎರೆಮಣ್ಣೂ ಅದಕ್ಕೆ ಒಗ್ಗುವುದಿಲ್ಲ.

ಹಾಗಾದರೆ ಪರದೇಶದ ಮರಗಳು ನಮ್ಮಲ್ಲಿ ಬಾಳಿಲ್ಲವೇ? ಬಾಳಿವೆ. ಅದಕ್ಕೆ ದೊಡ್ಡ ಸಾಕ್ಷಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿದೆ. ಅಲ್ಲಿಯ ದೊಡ್ಡಹುಣಸೆ ಮಠದ ಆವರಣದ ಮೂರು ದೈತ್ಯ ಮರಗಳನ್ನು ಜನ ದೊಡ್ಡ ಹುಣಸೆ ಎನ್ನುತ್ತಾರೆ. ಹುಣಸೆಯಂತೆ ಹುಳಿಯಾದ ಅದರ ಹಣ್ಣಿನ ತಿರುಳಿನಿಂದ ಬಂದ ಹೆಸರು ಅದು. ಮರಾಠಿಯಲ್ಲಿ ಇದೇ ಗೋರಖ ಚಿಂಚ. ಸಸ್ಯಶಾಸ್ತ್ರಕ್ಕೆ ಇದು ಬಾವೋಬಾಬ್, ಆಫ್ರಿಕದ ಒಣ ಬಯಲಿನ ಮರ. ವಿಜಯಪುರದಲ್ಲೂ ಈ ಮರಗಳಿವೆ.

ಬಾವೋಬಾಬ್ ಕಾಂಡದ ತುಂಬ ನೀರು ಕೂಡಿಟ್ಟುಕೊಳ್ಳುತ್ತದೆ, ಬರಗಾಲದಲ್ಲಿ ಎಲೆಯುದುರಿಸಿ ಸುಮ್ಮನಾಗುತ್ತದೆ. ಸಸಿಯಾಗಿದ್ದಾಗ ನೀರು, ದನಕರುಗಳಿಂದ ಕಾವಲು ಕೊಟ್ಟರೆ ಸಾಕು, ಆಮೇಲೆ ತನ್ನ ಪಾಡಿಗೆ ತಾನು ಬೆಳೆಯುತ್ತದೆ. ಮೇಪಲ್‌ಗೆ ಇಲ್ಲಿ ತವರಿನ ಗಾಳಿ ಸಿಗಲಿಲ್ಲ, ಬಾವೋಬಾಬ್‌ಗೆ ಸಿಕ್ಕಿತು.

ಆದರೆ ಅದು ಸಮುದ್ರ ದಾಟಿದ್ದು ಹೇಗೆ? ಶ್ರೀಕೃಷ್ಣ ತಂದು ನೆಟ್ಟನೆಂಬುದು ಸವಣೂರಿನ ನಂಬಿಕೆ. ಭಾರತದ ಬಾವೋಬಾಬ್‌ಗಳ ವಂಶವಾಹಿಗಳ ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನ ಹೇಳುವುದು ಬೇರೆ ಮಾತು: ಇವು ಆಫ್ರಿಕದಿಂದ ಮನುಷ್ಯರ ಕೈಯಲ್ಲಿ, ಒಂದಲ್ಲ ಹಲವು ಸಲ ಬಂದವು. ಅರಬ್ಬೀ ಸಮುದ್ರದ ವ್ಯಾಪಾರದ ಹಡಗುಗಳಲ್ಲಿ ಸರಕಿನ ಜೊತೆ ಜನರೂ ಬಂದರು. ಗುಲಾಮರಾಗಿ ಬಂದವರು, ಸೈನಿಕರಾಗಿ ಬಂದವರು, ಹಬಶಿಗಳೆಂದು ಕರೆಸಿಕೊಂಡವರು.

ನಮ್ಮ ಸೀಮೆಗೆ ಈ ಹಬಶಿಗಳು ದೂರದವರಲ್ಲ. ಮುಧೋಳದ ಘೋರ್ಪಡೆಗಳು ವಿಜಯಪುರದ ಆದಿಲಶಾಹಿ ಸರದಾರರಾಗಿದ್ದರು. ಅದೇ ದರಬಾರಿನಲ್ಲಿ ಮಲಿಕ್ ರೈಹಾನ್ ಎಂಬ ಹಬಶಿ ಇಖ್ಲಾಸ್ ಖಾನ್ ಎಂಬ ಬಿರುದು ಪಡೆದು, ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ (1627–1656) ರಾಜ್ಯದ ಅತಿ ಪ್ರಭಾವಿ ಮಂತ್ರಿಯಾದ. ಸುಲ್ತಾನನ ಜೊತೆ ಒಂದೇ ಆನೆಯ ಮೇಲೆ ಅವನು ಕುಳಿತಿರುವ ಚಿತ್ರ ಇಂದಿಗೂ ಉಳಿದಿದೆ. ಗೋಲಗುಮ್ಮಟ ನೋಡಲು ಹೋಗುವ ನಮ್ಮ ಶಾಲೆಯ ಮಕ್ಕಳಲ್ಲಿ ಎಷ್ಟು ಜನರಿಗೆ ಅವನ ಹೆಸರು ಗೊತ್ತು?

2023ರ ಜುಲೈ ಮಳೆಯಲ್ಲಿ ಸವಣೂರಿನ ಒಂದು ಮರ ಬುಡಸಮೇತ ಉರುಳಿತು. ಯಾರೂ ಅದನ್ನು ಸೌದೆ ಎಂದು ಎಣಿಸಲಿಲ್ಲ. ಕೊಂಬೆಗಳನ್ನು ಕಡಿದು ಭಾರ ಇಳಿಸಿ, ಕ್ರೇನ್‌ಗಳಿಂದ ಎತ್ತಿ ಮತ್ತೆ ನೆಟ್ಟರು. ಮುಂದೆ ಅದು ಚಿಗುರಿತು. ಶತಮಾನಗಳ ಹಿಂದೆ ಯಾರೋ ಸಸಿಗೆ ಮಾಡಿದ ಆರೈಕೆಯನ್ನು ಈ ತಲೆಮಾರು ಮುದಿಮರಕ್ಕೆ ಮಾಡಿತು. ಹೆಸರು, ಕಥೆ, ಪೂಜೆ ಕೊಟ್ಟು ತಮ್ಮದಾಗಿಸಿಕೊಂಡದ್ದರಿಂದಲೇ ಅದನ್ನು ಬಿಟ್ಟುಕೊಡಲು ಊರಿಗೆ ಮನಸ್ಸಾಗಲಿಲ್ಲ.

ಇತಿಹಾಸದ ವಿದ್ಯಾರ್ಥಿಯಾಗಿ ನನ್ನನ್ನು ಕಾಡುವುದು ಇದೇ. ಆಫ್ರಿಕದ ಮರಕ್ಕೆ ನಾವು ಕೊಟ್ಟ ಮನೆಯನ್ನು ಆಫ್ರಿಕದ ಮನುಷ್ಯರಿಗೆ ಕೊಟ್ಟೆವೇ? ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿರುವ ಸಿದ್ದಿಗಳು ತಲೆಮಾರುಗಳಿಂದ ಕನ್ನಡ, ಕೊಂಕಣಿ ಆಡುತ್ತಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಈಗಲೂ ಬಸ್ಸಿನಲ್ಲಿ ಪಕ್ಕ ಕೂತವರು ಅವರನ್ನು ‘ಯಾವ ದೇಶದವರು?’ ಎಂದು ಕೇಳುವುದುಂಟು. ದೊಡ್ಡ ಹುಣಸೆಯನ್ನು ಯಾರೂ ಹಾಗೆ ಕೇಳುವುದಿಲ್ಲ.